ಪಾಳಿ ಹಾಸಿಗೆ

ದಸ್ತಗೀರ್ ಸಾಬರು ಹಿಂಜುವ ಬಿಲ್ಲು ಕೆಳಗಿಟ್ಟು ಕೇಳಿದರು:
ಎಷ್ಟು ಜನಕ್ಕೆ ಹಾಸಿಗೆ?
ಒಬ್ಬನಿಗೆ, ಅಂದ ಜವರಾಯಿ.
ಇಬ್ಬರಿಗೆ, ಅಂದೆ ನಾನು.
ಎರಡೂ ನಿಜವಾಗಿತ್ತು.
ಗಡ್ಡಕ್ಕಂಟಿದ ಹತ್ತಿಯೊಳಗೇ ನಕ್ಕರು:
ಹಗಲೂ ರಾತ್ರಿ ಮೈ ಹೊರೋ ಹಾಸಿಗೆಗೆ
ಒಂದು ಕೆಜಿ ಹೆಚ್ಚು ಹಾಕ್ಬೇಕು ಸ್ವಾಮಿ,
ಅದಕ್ಕೂ ನಿದ್ದೆ ಇಲ್ವಲ್ಲ.

ಮಂಡ್ಯ, ಗುತ್ತಲು ರಸ್ತೆ,
ಹಿಟ್ಟಿನ ಗಿರಣಿ ಮೇಲೊಂದು ಕೋಣೆ.
ಹಾಸಿಗೆ ಒಂದು, ದಿಂಬು ಒಂದು, ಬೀಗದ ಕೈ ಒಂದು.
ಕಬ್ಬು ಅರೆಯುವ ಕಾಲ.
ಓಟಿ ಸೇರಿ ಹನ್ನೆರಡು ಗಂಟೆ ದುಡಿಮೆ;
ಈ ವಾರ ಅವನದು ಹಗಲು, ನನ್ನದು ಇರುಳು,
ಬರುವ ವಾರ ತಿರುವುಮುರುವು.
ಆರಕ್ಕೆ ಕಾರ್ಖಾನೆ ಗೇಟಿನಲ್ಲಿ
ಒಳಹೋಗುವವನ ಕೈಯಿಂದ ಹೊರಬರುವವನ ಕೈಗೆ
ಬೀಗದ ಕೈ. ಅಷ್ಟೇ ನಮ್ಮ ಮಾತು.

ಮಾಗಿಯ ಬೆಳಗಿನಲ್ಲಿ ಕೋಣೆ ಸೇರುವಾಗ
ಹಾಸಿಗೆ ಇನ್ನೂ ಆರಿರುತ್ತಿರಲಿಲ್ಲ.
ಅವನ ಬಿಸಿಯೊಳಕ್ಕೆ ಕಾಲು ತೂರಿಸುತ್ತಿದ್ದೆ,
ಮೊದಮೊದಲು ಯಾರದೋ ಎಂಜಲು ಕಾಫಿ ಕುಡಿದ ಹಾಗೆ,
ಆಮೇಲಾಮೇಲೆ
ನನಗೆಂದೇ ಕಾಯಿಸಿಟ್ಟ ನೀರು ಮಿಂದ ಹಾಗೆ.
ಅವನು ಮೂಡಲಕ್ಕೆ ತಲೆ ಹಾಕುವವನು, ನಾನು ಪಡುವಲಕ್ಕೆ.
ಅವನ ಹೆಗಲು ಒತ್ತಿದ ತಗ್ಗಿನಲ್ಲಿ
ನನ್ನ ಮೊಣಕಾಲು ಕೂರುತ್ತಿತ್ತು.

ದಿಂಬಿನಡಿ ಚೀಟಿ:
ತಿಗಣೆ ಬಿದ್ದವೆ, ಬಿಸ್ಲಿಗಾಕು.
ಸೀಮೆಎಣ್ಣೆ ಆಗೋಗದೆ.
ನಾನು ಬರೆದೆ: ಹಗಲೆಲ್ಲ ಕೆಳಗೆ ರಾಗಿ ಬೀಸ್ತಾರೆ,
ಕನಸೂ ನಡುಗ್ತದೆ ಕಣಯ್ಯ.
ಮರುದಿನ ಉತ್ತರ: ರಾತ್ರಿಯೆಲ್ಲ ಕಬ್ಬಿನ ಗಾಡಿ ಎತ್ತಿನ ಗಂಟೆ.
ನಂಗೂ ಬಲ್ಲೆ ನಿದ್ದೆ, ಬುಡು.

ಒಂದು ಬೆಳಿಗ್ಗೆ ಚೀಟಿ ಇರಲಿಲ್ಲ.
ದಿಂಬು ಒದ್ದೆ.
ಬೆವರುವ ಕಾಲವಲ್ಲ ಅದು, ಸೂರು ಸೋರುವ ಕಾಲವೂ ಅಲ್ಲ.
ಮಗುಚಿ ಹಾಕಿ
ಒಣ ಮಗ್ಗುಲಿಗೆ ತಲೆಯಿಟ್ಟೆ.
ಸಂಜೆ ಗೇಟಿನಲ್ಲಿ ಬೀಗದ ಕೈ ಕೊಡುವಾಗ
ಅವನ ಮುಖ ಬಿಟ್ಟು ಗಡಿಯಾರ ನೋಡಿದೆ.

ಅರೆತ ನಿಂತಿತು.
ಊರ ಮೇಲಿದ್ದ ಮಡ್ಡಿಯ ನಾತ ತೆಳ್ಳಗಾಯಿತು.
ಯಂತ್ರ ಬಿಚ್ಚಿ ತೊಳೆಯಲು ಇಬ್ಬರಿಗೂ ಹಗಲು ಪಾಳಿ.
ಆ ರಾತ್ರಿ ಬಲ್ಬಿನ ಕೆಳಗೆ
ಅವನು, ನಾನು, ಹಾಸಿಗೆ.
ಇಷ್ಟು ಎತ್ತರವೇ ಇವನು ಅನ್ನಿಸಿತು.
ನೀ ಮನಿಕೊ ಕಣಣ್ಣ.
ಬುಡ್ಲಾ, ನೀ ಮನಿಕೊ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಕಾಲು ನಾಲ್ಕಾದರೆ ಏನೆಂದು ಹೇಳಿರಲಿಲ್ಲ.
ಕೊನೆಗೆ ಆ ಕಡೆ ಚಾಪೆಯ ಮೇಲೆ ಅವನು,
ಈ ಕಡೆ ಗೋಣಿತಾಟಿನ ಮೇಲೆ ನಾನು,
ನಡುವೆ ಹಾಸಿಗೆ ಖಾಲಿ,
ಗಂಡು ಇನ್ನೂ ಬಾರದ ಹಸೆಮಣೆಯ ಹಾಗೆ.

ದೀಪ ಆರಿ ತುಂಬ ಹೊತ್ತಾದ ಮೇಲೆ ಅಂದ:
ಆವತ್ತು ದಿಂಬ ಮಗುಚಾಕಿದ್ದೆ.
ನೋಡ್ದೆ ಕಣಣ್ಣ.
ನಾನು ನಿದ್ದೆ ಬಂದವನ ಹಾಗೆ ಉಸಿರಾಡಿದೆ.

ಕೋಣೆ ಬಿಟ್ಟಾಗ ಸಾಬರ ತಕ್ಕಡಿಯಲ್ಲಿ ಹತ್ತಿ ಎರಡು ಪಾಲು.
ಯಾವುದು ಯಾರದೆಂದು ತಕ್ಕಡಿಗೂ ಗೊತ್ತಿರಲಿಲ್ಲ.
ಅವನ ಪಾಲು ಅಕ್ಕನ ಕೂಸಿನ ತೊಟ್ಟಿಲಿಗೆ ಹೋಯಿತು,
ನನ್ನದು ಎರಡು ದಿಂಬಾಯಿತು.
ಮುಂದಿನ ಹಂಗಾಮಿಗೆ ಅವನು ಬರಲಿಲ್ಲ.
ಬಂದಿದ್ದರೆ ಕೇಳುತ್ತಿದ್ದೆನೋ ಏನೋ.

ಈಗ ಕಲ್ಲಹಳ್ಳಿಯಲ್ಲಿ ಸ್ವಂತ ಮನೆ,
ಆರಡಿ ಅಗಲದ ಫೋಮು, ಹತ್ತು ವರ್ಷ ಗ್ಯಾರಂಟಿ.
ಇಂದ್ರಾಣಿಗೆ ಸೊಂಟನೋವು, ಅವಳದು ನೆಲದ ಮೇಲೆ ಈಚಲು ಚಾಪೆ.
ನಾನು ಒಂದು ಅಂಚಿಗೆ ಮಲಗುತ್ತೇನೆ.
ಆರಕ್ಕೆ ಎದ್ದು ದುಪ್ಪಟಿ ಕೊಡವಿ
ಸುಕ್ಕು ತೆಗೆದು
ದಿಂಬು ಮಗುಚಿಡುತ್ತೇನೆ.
ಯಾರು ಬರ್ತಾರೆ ಅಂತ ಇದೆಲ್ಲ, ಅನ್ನುತ್ತಾಳೆ
ಚಾಪೆಯಿಂದಲೇ, ಕಣ್ಣು ಬಿಡದೆ.
ಕಾಫಿಗೆ ನೀರಿಡಲು ಹೋಗುತ್ತೇನೆ.